ದೇವರ ದನದ ತೇಗು ಯಾರ ತಲೆಗೆ?

ಹೊಗೆ ತಗ್ಗಿಸುವ ಯೋಜನೆಯ ಮಾನ್ಯ ಅಧಿಕಾರಿಗಳೇ,

ಇಡೀ ತೇನಿ ಜಿಲ್ಲೆಯಲ್ಲಿ ಭೂಮಿಯನ್ನು ಎಲ್ಲರಿಗಿಂತ ಹೆಚ್ಚು ಬಿಸಿ ಮಾಡುತ್ತಿರುವ ಮನೆ ನನ್ನದೇ ಎಂದು ನಿಮ್ಮ ಕಚೇರಿ ತೀರ್ಮಾನಿಸಿದೆ. ಅದೇ ಕಾರಣಕ್ಕೆ ನನ್ನ ಹೆಂಡತಿ ಕಮಲಮ್ಮಾಳ್‌ಗೆ ಮಂಜೂರಾಗಿದ್ದ ಗೋಬರ್ ಗ್ಯಾಸನ್ನು ತಡೆಹಿಡಿದಿದ್ದೀರಿ. ಸುದ್ದಿ ಕೇಳಿದಾಗಿನಿಂದ ನನಗೆ ನಗು ತಡೆಯಲಾಗುತ್ತಿಲ್ಲ. ಜನ್ಮದಲ್ಲಿ ಯಾವುದರಲ್ಲೂ ಮೊದಲು ಬಂದವನಲ್ಲ ನಾನು. ಮನೆಯಲ್ಲಿರುವುದು ಒಂದು ಸೈಕಲ್ಲು, ಎರಡು ಬಲ್ಬು, ಒಂದು ಸೌದೆ ಒಲೆ. ಇಷ್ಟು ಬಂಡವಾಳದಲ್ಲಿ ನೂಲಿನ ಗಿರಣಿಯವರನ್ನೂ ಲಾರಿ ಮಾಲೀಕರನ್ನೂ ಹಿಂದೆ ಹಾಕಿದ್ದೇನೆ! ಕಂಬಂ ಪೇಟೆಯಲ್ಲಿ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೇನೆ.

ಈ ಕೀರ್ತಿ ಬಂದ ಬಗೆಯನ್ನು ಊರಿಗೆಲ್ಲ ಹೇಳಬೇಕಲ್ಲ. ಪ್ರತಿಯೊಂದು ಮನೆಯೂ ತಾನು ಗಾಳಿಗೆ ಎಷ್ಟು ಹೊಗೆ ಬಿಡುತ್ತದೆಂದು ಮೊದಲು ತಿಳಿಯಬೇಕು, ಆಮೇಲೆ ತಗ್ಗಿಸಬೇಕು ಎಂದು ನಮ್ಮ ಬೀದಿಯಲ್ಲಿ ನಿಂತು ಹೇಳಿದಿರಿ. ಮಾತು ಚೆನ್ನಾಗಿತ್ತು, ನಾನು ಒಪ್ಪಿದೆ. ನೀವು ಅದನ್ನು ಹೇಳಿ ಮುಗಿಸುವವರೆಗೂ ನಿಮ್ಮ ಕಾರಿನ ಎಂಜಿನ್ ಓಡುತ್ತಲೇ ಇತ್ತು. ಯಾಕಪ್ಪ ಎಂದು ಡ್ರೈವರ್ ಪಿಚ್ಚೈಯನ್ನು ತಮಿಳಿನಲ್ಲಿ ಕೇಳಿದರೆ, "ಸಾರ್ ಏರೋಷ್ಟ್ರಲ್ಲಿ ಏಸಿ ತಣ್ಣಗಿರಬೇಕುಂಗ" ಎಂದ. ಆ ಹೊಗೆ ಯಾರ ಮನೆಯ ಪಾಲಿಗೆ ಬಿತ್ತು ಸ್ವಾಮಿ? ಹೊಗೆ ತಗ್ಗಿಸುವುದು ಹೇಗೆಂಬ ಸಭೆಗೆ ನೀವೆಲ್ಲ ಒಬ್ಬೊಬ್ಬರಿಗೆ ಒಂದೊಂದು ಕಾರಿನಲ್ಲಿ ಕೊಡೈಕಾನಲ್ ಬೆಟ್ಟ ಹತ್ತಿದಿರಂತೆ, ಅದು?

ಇರಲಿ. ಹಸುವಿನ ತೇಗು ಕೂಡ ಭೂಮಿಯನ್ನು ಬಿಸಿ ಮಾಡುತ್ತದೆ ಎಂದಾಗ ಹೆಂಗಸರೆಲ್ಲ ಬಾಯಿಗೆ ಸೆರಗಿಟ್ಟು ನಕ್ಕರು. ನಿಮಗೆಷ್ಟು ದನ ಎಂದು ತಮಿಳಿನಲ್ಲಿ ಕೇಳಿದಿರಿ. ಕಮಲಮ್ಮಾಳ್ ಊರಾಚೆಯ ದೊಡ್ಡಿಯ ಕಡೆ ಕೈ ತೋರಿಸಿ ನಮ್ಮ ಕನ್ನಡದಲ್ಲೇ ಹೇಳಿದಳು: "ಅಗೋ, ಅಲ್ಲಿ ನಿಂತವಲ್ಲ ತಂಬಿ, ಅಷ್ಟೂ ನಮ್ಮವೇ."

ಅದು ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಇಲ್ಲಿಗೆ ಬಂದ ನಮ್ಮ ಜನ ದೇವರಿಗೆ ಬಿಟ್ಟ ಮಂದೆ. ಅವನ್ನು ಯಾರೂ ನೊಗಕ್ಕೆ ಕಟ್ಟುವುದಿಲ್ಲ, ಹಾಲು ಮಾರುವುದಿಲ್ಲ, ತಲೆ ಎಣಿಸುವುದೂ ಇಲ್ಲ. ನಮ್ಮ ಜನರ ಯಾವ ಮನೆಯ ಬಾಗಿಲಲ್ಲಿ ಕೇಳಿದರೂ ನಮ್ಮವೇ ಎನ್ನುತ್ತಾರೆ. ಪಕ್ಕದ ಮನೆಯ ನಾಗಮ್ಮಾಳನ್ನು ಮೊದಲು ಕೇಳಿದ್ದರೆ ಈ ಕಿರೀಟ ಅವಳಿಗೆ ಹೋಗುತ್ತಿತ್ತು. ನೀವು ನಮ್ಮನ್ನೇ ಕೇಳಿದಿರಿ, ನಾವು ಎಣಿಸದ್ದನ್ನು ಎಣಿಸಿದಿರಿ, ಅಷ್ಟೂ ತೇಗನ್ನು ನಮ್ಮ ತಲೆಗೆ ಕಟ್ಟಿದಿರಿ. ದನ ಜಾಸ್ತಿಯಾಯಿತೆಂದು ಸಗಣಿ ಗ್ಯಾಸನ್ನು ನಿಲ್ಲಿಸಿದ ಕಚೇರಿ ಈ ಲೋಕದಲ್ಲಿ ಇನ್ನೊಂದಿದ್ದರೆ ತೋರಿಸಿ, ಅದಕ್ಕೂ ಒಂದು ಮಾಲೆ ಹಾಕಿ ಬರುತ್ತೇನೆ.

ಕಚೇರಿಗೆ ಹೋದರೆ ನಿಮ್ಮ ಗುಮಾಸ್ತರು ಸುಲಭದ ದಾರಿ ಹೇಳಿದರು. ಆ ದನಗಳು ನಮ್ಮವಲ್ಲ ಎಂದು ಕಮಲಮ್ಮಾಳ್ ಬಂದು ಹೇಳಿಬಿಟ್ಟರೆ ಗ್ಯಾಸು ಮರುದಿನವೇ ಬರುತ್ತದಂತೆ. ನಾನು ಕುಣಿಯುತ್ತ ಮನೆಗೆ ಬಂದೆ. ಅವಳು ಒಲೆ ಊದುತ್ತಿದ್ದಳು. ಕೆಮ್ಮು ನಿಂತ ಮೇಲೆ ಇಷ್ಟೇ ಹೇಳಿದಳು: "ನನ್ನ ಕಣ್ಣು ಹೋದ್ರೂ ಸರಿ, ಸಾಮಿ ದನಾನ ನಮ್ಮವಲ್ಲಾಂತ ಈ ಬಾಯಾಗ ಎಂಗ ಸೊಲ್ಲಲಿ?"

ಆಗ ಮಾತ್ರ ನನ್ನ ನಗು ನಿಂತಿತು. ಅವಳ ಕಣ್ಣು ನಿಜವಾಗಿಯೂ ಮಂಜಾಗುತ್ತಿದೆ, ಮಾನ್ಯರೇ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಅವಳು ಆಡಿದ್ದು ಕನ್ನಡ. ನಿಮ್ಮ ಜೊತೆ ಬಂದವರೆಲ್ಲ ಮುಖ ಮುಖ ನೋಡಿಕೊಂಡರು, ನೀವೊಬ್ಬರೇ ತಟ್ಟನೆ ಬರೆದುಕೊಂಡಿರಿ. ಕೇಳಿ ತಿಳಿದೆ, ನೀವೂ ನಮ್ಮ ಜನವೇ, ಚಿನ್ನಮನೂರು ಕಡೆಯವರು. ಹಾಗಾಗಿಯೇ ಬಾಳೆ ವ್ಯಾಪಾರಕ್ಕೆ ಮೈಸೂರಿಗೆ ಹೋಗಿಬಂದು ಕಲಿತ ಅಕ್ಷರಗಳಲ್ಲಿ ಇದನ್ನು ಬರೆದು, ಅಚ್ಚು ಹಾಕಿಸಿ ಹಂಚುತ್ತಿದ್ದೇನೆ. ನಿಮ್ಮ ತಾಯಿಯವರಿಗೆ ಇದನ್ನು ಓದಿ ಹೇಳಿ. ಆ ದನಗಳು ನಮ್ಮವಲ್ಲ ಎಂದು ಮೊದಲು ನೀವು ಅವರೆದುರು ನಿಂತು ಹೇಳಿ. ನಿಮ್ಮ ಬಾಯಿಂದ ಆ ಮಾತು ಹೊರಟರೆ ಕಮಲಮ್ಮಾಳೂ ಹೇಳುತ್ತಾಳೆ. ಹೊರಡದಿದ್ದರೆ, ಮಾರನೆಯ ದಿನ ಗ್ಯಾಸಿನ ಗುಂಡಿ ತೋಡಲು ಆಳು ಕಳಿಸಿ.

ಇಂತಿ,
ಜಿಲ್ಲೆಗೇ ಮೊದಲಿಗನಾಗಿಯೂ ಇನ್ನೂ ಸೌದೆ ಒಡೆಯುತ್ತಿರುವ,
ಮುತ್ತುಸಾಮಿ
ಕಂಬಂ, ೧೯೯೮