ಮೀನು ನೋಡಲು ಹೋಗಿ ಮೋಡ ನೋಡಿ ಬಂದದ್ದು

ಮಾನ್ಯ ಜಲಕ್ರೀಡಾ ಸುರಕ್ಷತಾ ಅಧಿಕಾರಿಗಳೇ,

ನೀವು ನನ್ನ ಅತ್ತಿಗೆಯ ಹಾಯಿದೋಣಿಯನ್ನು ದಡಕ್ಕೆ ಕಟ್ಟಿಹಾಕಿಸಿದ್ದೀರಿ. ಅವರ ಅಪರಾಧವೆಂದರೆ ನನಗೆ ಮೀನು ತೋರಿಸಿದ್ದು. ಮೀನು ನೋಡಿದವಳು ನಾನು, ಶಿಕ್ಷೆ ಅವರಿಗೆ. ಅದಕ್ಕೇ ಈ ಪತ್ರ, ಅದೂ ನಾಲ್ಕು ಜನ ಓದುವಂತೆ.

ನೀರಿಗಿಳಿಯುವ ಪ್ರತಿಯೊಬ್ಬರೂ ಇಲಾಖೆ ಒಪ್ಪಿದ ದಪ್ಪ ಲೈಫ್ ಜಾಕೆಟ್ಟನ್ನು ಗಲ್ಲದವರೆಗೆ ಬಿಗಿದು ಧರಿಸಿರಬೇಕು ಎಂಬುದು ನಿಮ್ಮ ಹೊಸ ನಿಯಮ. ದೋಣಿ ಮಗುಚಿದಾಗ ಪ್ರಜ್ಞೆ ತಪ್ಪಿದವರನ್ನೂ ಅಂಗಾತ ತಿರುಗಿಸಿ, ಮುಖವನ್ನು ನೀರಿನ ಮೇಲಿಡುವುದು ಆ ಜಾಕೆಟ್ಟಿನ ಕೆಲಸ. ಅದು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತದೆ, ನನ್ನ ತಕರಾರಿಲ್ಲ. ಆದರೆ ಸ್ನಾರ್ಕಲಿಂಗ್ ಎಂದರೆ ಬಾಯಲ್ಲಿ ಕೊಳವೆ ಕಚ್ಚಿಕೊಂಡು, ನೀರಿನ ಮೇಲೆ ಕವುಚಿ ಮಲಗಿ, ತಳವನ್ನು ನೋಡುವುದು. ಈ ಸಣ್ಣ ಸಂಗತಿಯನ್ನು ನಿಯಮ ಬರೆದ ಕೋಣೆಯಲ್ಲಿ ಯಾರೂ ನಿಮಗೆ ಹೇಳಲಿಲ್ಲವೇ? ಆ ಕೋಣೆಯಲ್ಲಿ ಒಂದು ಬಕೆಟ್ ನೀರಾದರೂ ಇತ್ತೇ?

ನನ್ನ ಕಥೆ ಕೇಳಿ. ಐವತ್ತರ ಹತ್ತಿರದವಳು, ಎಂ.ಎ. ಓದಿದವಳು, ಈಜು ಬಾರದವಳು. ಸಮುದ್ರದ ಆಳದ ಬಗ್ಗೆ ಕವಿಗಳು ಹೇಳಿದ್ದನ್ನೆಲ್ಲ ಕುರ್ಚಿಯಲ್ಲಿ ಕೂತೇ ನಂಬಿದವಳು. ಅಣ್ಣನ ಹೆಂಡತಿ, "ಓದಿದ್ದು ಸಾಕು, ಏಳೇ ಮೇಲೆ" ಎಂದು ದೋಣಿಗೆ ಹತ್ತಿಸಿದರು. ಹಾಯಿಗೆ ಗಾಳಿ ತುಂಬಿತು. ದ್ವೀಪಗಳು ಒಂದೊಂದಾಗಿ ಹಿಂದೆ ಸರಿದವು. ಹವಳದ ದಿಬ್ಬದ ಬಳಿ ಲಂಗರು ಹಾಕಿದ ಮೇಲೆ ನಿಮ್ಮ ಜಾಕೆಟ್ ತೊಟ್ಟು ಇಳಿದೆ. ಕವುಚಿದೆ, ಜಾಕೆಟ್ ನನ್ನನ್ನು ತೊಟ್ಟಿಲ ಕೂಸಿನಂತೆ ಅಂಗಾತ ಮಲಗಿಸಿತು. ಮತ್ತೆ ಕವುಚಿದೆ, ಮತ್ತೆ ಮಲಗಿಸಿತು. ಕೊಳವೆಯ ತುದಿ ಮುಳುಗಿ ಸಮುದ್ರ ನೇರವಾಗಿ ಗಂಟಲಿಗೇ ಬಂತು.

"ಏನೇ ಎಂ.ಎ., ಏನ್ ಕಾಣ್ತಿದೆ?" ಅತ್ತಿಗೆ ಮೇಲಿನಿಂದ ಕೂಗಿದರು.

"ಮೋಡ, ಅತ್ತಿಗೆ!"

"ಮೋಡ ನೋಡೋಕೆ ಮನೆ ತಾರಸಿ ಸಾಕಿತ್ತಲ್ಲೇ! ಇರು, ಬಂದೆ."

ನನ್ನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ದೋಣಿಗೆ ಬಿಗಿದು, ತಾವೂ ಇಳಿದರು. ಜಾಕೆಟ್ ಬಿಚ್ಚಿಸಿ ನನ್ನ ಎದೆಯ ಅಡಿಗೆ ಕೊಟ್ಟು ತೋಳು ಹಿಡಿದುಕೊಂಡರು. ಈಗ ಕವುಚಿದೆ. ಮೊದಲು ಕೇಳಿಸಿದ್ದು ನನ್ನದೇ ಉಸಿರು. ಆಮೇಲೆ ಕಟಕಟ ಸದ್ದು: ಗಿಳಿಯಂಥ ಕೊಕ್ಕಿನ ನೀಲಿ ಮೀನೊಂದು ಹವಳವನ್ನು ಕೆರೆದು ತಿನ್ನುತ್ತಿತ್ತು. ಮೀನಿನ ಊಟಕ್ಕೂ ಸದ್ದಿದೆ ಎಂದು ಯಾವ ಕವಿಯೂ ನನಗೆ ಹೇಳಿರಲಿಲ್ಲ. ಇಷ್ಟು ವರ್ಷ ಎಲ್ಲಿದ್ದೆ ನಾನು ಅನ್ನಿಸಿತು.

ಅಷ್ಟರಲ್ಲಿ ನಿಮ್ಮ ಗಸ್ತು ದೋಣಿಯ ಸೀಟಿ.

"ಜಾಕೆಟ್ ಎಲ್ಲಮ್ಮಾ?"

"ಅವಳ ಕೆಳಗೇ ಇದೆಯಲ್ಲಪ್ಪಾ," ಎಂದರು ಅತ್ತಿಗೆ.

"ಕೆಳಗಿದ್ರೆ ಆಗಲ್ಲ. ಹಾಕ್ಕೊಂಡಿರ್ಬೇಕು."

"ಹಾಕ್ಕೊಂಡಾಗ್ಲೇ ಕಣಪ್ಪಾ ಅವಳು ನೀರು ಕುಡಿದಿದ್ದು!"

ನಿಮ್ಮವರು ನಗಲಿಲ್ಲ. ಮರುದಿನ ಅತ್ತಿಗೆಯ ದೋಣಿಯ ಪರವಾನಗಿ ಅಮಾನತಾಯಿತು.

ಗಾಳಿ ತಿರುಗಿ ಮಳೆಗಾಲ ಬರುವ ಮುಂಚಿನ ಈ ಕೆಲವೇ ವಾರಗಳಲ್ಲಿ ಅತ್ತಿಗೆ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು ವರ್ಷದ ಅನ್ನ ದುಡಿಯಬೇಕು. ಈಗ ಅವರು ಪಡಸಾಲೆಯ ತುಂಬ ಹಾಯಿ ಹರಡಿಕೊಂಡು, ಗಟ್ಟಿಯಾಗಿರುವ ಹೊಲಿಗೆಯನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಾರೆ. ನಾನು ಎದುರು ಕೂತರೆ, "ಮೀನು ಚೆನ್ನಾಗಿತ್ತೇನೇ?" ಎಂದಷ್ಟೇ ಕೇಳುತ್ತಾರೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆದ್ದರಿಂದ ನನ್ನ ಬೇಡಿಕೆ: ಅಮಾನತು ಈ ವಾರವೇ ರದ್ದಾಗಲಿ. ದಪ್ಪ ಜಾಕೆಟ್ ದೋಣಿಯಲ್ಲಿ ಕೂತವರಿಗಿರಲಿ. ನೀರಿಗಿಳಿದು ತಳ ನೋಡುವವರಿಗೆ ಬಾಯಲ್ಲಿ ಊದಿ ಉಬ್ಬಿಸುವ ತೆಳುವಾದ ಜಾಕೆಟ್ ಇರಲಿ, ಜೊತೆಗೊಂದು ಹಗ್ಗ, ತೋಳು ಹಿಡಿಯಲು ಒಬ್ಬರು. ಅನುಮಾನವಿದ್ದರೆ ಅತ್ತಿಗೆಯ ದೋಣಿಯಲ್ಲೇ ಬನ್ನಿ. ಮೊದಲು ನಿಮ್ಮ ನಿಯಮದಂತೆ ಇಳಿಯಿರಿ, ಆಮೇಲೆ ಅತ್ತಿಗೆ ಹೇಳಿದಂತೆ. ಎರಡು ಸಲವೂ ನಾನು ದೋಣಿಯ ಅಂಚಿನಿಂದ ಬಗ್ಗಿ ಒಂದೇ ಪ್ರಶ್ನೆ ಕೇಳುತ್ತೇನೆ: "ಏನ್ ಕಾಣ್ತಿದೆ, ಸ್ವಾಮೀ?"

ಇಂತಿ,
ನಿಮ್ಮ ದಯೆಯಿಂದ ಸಮುದ್ರದ ನಡುವೆ ಆಕಾಶದ ಪೂರ್ಣ ದರ್ಶನ ಪಡೆದ
ಒಬ್ಬ ನಾದಿನಿ