ಕೋಶಗಳಿಗೆ ಸಿಕ್ಕ ವಿಶ್ರಾಂತಿ

ಚಿಕ್ಕಮ್ಮಾ,

ಕಳೆದ ಸೋಮವಾರ ನಮ್ಮ ನಿರ್ದೇಶಕರು ಅತಿಥಿಗಳಿಗೆ ಕಾಫಿ ಕಾಯಿಸಲು ನನ್ನ ಯಂತ್ರದ ಪ್ಲಗ್ಗನ್ನೇ ಕಿತ್ತರು. ರಬ್ಬರ್ ಹಾಳೆಯ ಮೇಲೆ ಬೆಳೆಸಿದ ಹೃದಯದ ಜೀವಕೋಶಗಳನ್ನು ಎದೆಬಡಿತದ ಲಯದಲ್ಲಿ ಎಳೆದೆಳೆದು ಬಿಡುವ ಯಂತ್ರವದು. ಎಳೆತ ನಿಂತರೆ ಸಾಲಾಗಿ ಕೂತ ಕೋಶಗಳು ದಿಕ್ಕುಗೆಡುತ್ತವೆ. "ಪಾಪ, ಅವಕ್ಕೂ ಸ್ವಲ್ಪ ರೆಸ್ಟ್ ಬೇಡ್ವೇನಮ್ಮಾ?" ಅಂದರು. ಎಂಥ ಕರುಣೆ! ಹೋದ ವರ್ಷ ಇದೇ ಕರುಣೆ ನನ್ನ ಲ್ಯಾಬಿನ ಗೆಳತಿಯ ಮಾದರಿಗಳಿದ್ದ ಫ್ರಿಜ್ಜಿನ ಪ್ಲಗ್ಗಿಗೂ ತಗುಲಿತ್ತು, ನಾನು ಮರೆತಿಲ್ಲ. ನಿನ್ನೆ ಸಭೆಯಲ್ಲಿ ಮಾತ್ರ, ಪ್ರಯೋಗ ಕೆಟ್ಟದ್ದು ನನ್ನ ಉದಾಸೀನದಿಂದ, ಹಾಗಾಗಿ ನನ್ನ ಕೆಲಸ ಮುಂದುವರಿಸುವುದು ಅನುಮಾನ ಎಂದರು.

ಕೆಮ್ಮು ವಾಸಿಯಾಗಿದೆ, ಚಿಂತೆ ಬೇಡ. ಈ ಪತ್ರದ ಒಂದು ಪ್ರತಿಯನ್ನು ಲ್ಯಾಬಿನ ನೋಟಿಸ್ ಬೋರ್ಡಿಗೂ ಅಂಟಿಸಿ ಅಂಚೆಗೆ ಓಡುತ್ತಿದ್ದೇನೆ. ಪ್ಲಗ್ ಕಿತ್ತ ಕೈ ಯಾರದೆಂದು ನಿರ್ದೇಶಕರು ಮುಂದಿನ ಸಭೆಯಲ್ಲಿ, ಎಲ್ಲರ ಎದುರು ಬಾಯಿಬಿಟ್ಟು ಹೇಳಲಿ.