ಗೀರು ಬೀಳದ ಮನೆತನ

ಗದಗ
ಗಾಳಿವರ್ಷ ನೂರಾ ಹನ್ನೊಂದು, ಎರಡನೆಯ ಶ್ರಾವಣದ ಮೂವತ್ತೇಳನೆಯ ದಿನ

ಪೂಜ್ಯ ಪ್ರಭುಲಿಂಗಜ್ಜನವರಿಗೆ, ನಿಮ್ಮ ಮರಿಮಗನ ಮೊಮ್ಮಗಳು ಸಂಗವ್ವ ಹೊಂಬಳ ಮಾಡುವ ಶರಣು.

ಮೇಲಿನ ತಾರೀಖು ಕಂಡು, ಬರೆದವಳ ತಲೆ ನೆಟ್ಟಗಿಲ್ಲವೆಂದು ಕಾಗದ ಮಡಚಿಡಬೇಡಿ. ನಮ್ಮಲ್ಲಿ ಶ್ರಾವಣಕ್ಕೆ ಮೂವತ್ತೇ ದಿನವೆಂಬ ಕಟ್ಟಿಲ್ಲ. ಕಪ್ಪತಗುಡ್ಡದ ಕಡೆಯ ಗಾಳಿ ನಿಲ್ಲುವವರೆಗೂ ಶ್ರಾವಣ. ನಿಂತ ಗಾಳಿ ಮತ್ತೆ ಎದ್ದರೆ ಎರಡನೆಯ ಶ್ರಾವಣ. ನಿಮ್ಮ ಲೆಕ್ಕಕ್ಕೆ ಇದು ಎರಡು ಸಾವಿರದ ಇನ್ನೂರ ಹದಿನಾರರ ಸುಮಾರು. ನಿಮಗೀಗ ನಲವತ್ತೊಂದು ವರ್ಷ, ನನಗೆ ಎಪ್ಪತ್ತಾರು. ಆದರೂ ನೀವೇ ಅಜ್ಜ, ನಾನೇ ಮೊಮ್ಮಗಳು. ನನ್ನ ಕೆಲವು ಮಾತು ನಿಮಗೆ ತೀರ ಹೊಸದಾಗಿ ಕೇಳಿಸೀತು, ಕೆಲವು ಹಳಸಲಾಗಿ. ಎರಡಕ್ಕೂ ಕ್ಷಮೆಯಿರಲಿ.

ಈ ಬಗೆಯ ಕಾಗದಕ್ಕೆ ನಾವು ಹಿನ್ನೋಲೆ ಎನ್ನುತ್ತೇವೆ. ಹಿರಿಯರಿಂದ ಬಂದ ವಸ್ತುವನ್ನು ಮುರಿಯುವುದಿದ್ದರೆ ಅಥವಾ ಬೇರೆಯವರಿಗೆ ಕೊಡುವುದಿದ್ದರೆ, ಅದನ್ನು ಮನೆಗೆ ಮೊದಲು ತಂದವರಿಗೆ, ಅವರು ತರುವ ಹಿಂದಿನ ದಿನಕ್ಕೆ ಮುಟ್ಟುವಂತೆ ಓಲೆ ಬರೆದು, ಊರ ಹೊರಗೆ ಕೆಟ್ಟು ನಿಂತಿರುವ ಹಳೆಯ ಗಾಳಿಯಂತ್ರದ ಕಂಬಕ್ಕೆ ಕಟ್ಟಿ ಬರಬೇಕು. ಬೆಳಗಾಗುವುದರೊಳಗೆ ಗಾಳಿ ಅದನ್ನು ಒಯ್ದರೆ ಹಿರಿಯರು ಒಪ್ಪಿದರೆಂದು ಅರ್ಥ. ಒಯ್ಯದಿದ್ದರೆ ಇಲ್ಲ. ಮನೆಯ ಮೇಲಿನ ತಗಡನ್ನೇ ಹಾರಿಸುವ ಶ್ರಾವಣದ ಗಾಳಿ ಒಂದು ಕಾಗದವನ್ನು ಬಿಟ್ಟೀತೆ ಎಂದು ನೀವು ನಗಬಹುದು. ಆದರೆ ಕೊಡುವ ಮನಸ್ಸಿಲ್ಲದವರು ಗಂಟನ್ನು ಬಿಗಿಯಾಗಿ ಹಾಕುತ್ತಾರೆ. ನನಗೆ ಗಂಟು ಬಿಗಿಯಲು ಚೆನ್ನಾಗಿಯೇ ಬರುತ್ತದೆ.

ನಾನು ಬರೆಯಬೇಕಾಗಿರುವುದು ನಿಮ್ಮ ಕೈಗಡಿಯಾರದ ವಿಷಯ. ನೀವು ಅದನ್ನಿನ್ನೂ ಕೊಂಡಿಲ್ಲ. ಮನೆಯಲ್ಲಿ ಬಾಯಿಂದ ಬಾಯಿಗೆ ಬಂದ ಕಥೆಯ ಪ್ರಕಾರ, ನೀವು ಹುಬ್ಬಳ್ಳಿಯ ಅಂಗಡಿಗೆ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದೀರಿ. ಅಲ್ಲಿ ಎರಡು ಸ್ಮಾರ್ಟ್‌ವಾಚ್‌ಗಳು ಪಕ್ಕಪಕ್ಕದಲ್ಲಿವೆ. ಒಳಗಿನ ಯಂತ್ರ ಒಂದೇ, ಎದೆಬಡಿತ ಎಣಿಸುವ ರೀತಿ ಒಂದೇ, ನಾಲ್ಕು ಹೆಜ್ಜೆ ನಡೆದರೆ ಶಹಬ್ಬಾಸ್ ಎನ್ನುವುದೂ ಒಂದೇ. ಒಂದಕ್ಕೆ ಅಲ್ಯೂಮಿನಿಯಂ ಕವಚ, ಸಾದಾ ಗಾಜು. ಇನ್ನೊಂದಕ್ಕೆ ಟೈಟಾನಿಯಂ ಕವಚ, ನೀಲಮಣಿಯ ಗಾಜು, ಬೆಲೆ ಎರಡರಷ್ಟು. ನಿಮ್ಮ ಹೆಂಡತಿ ವೀಣಜ್ಜಿ ಆಗ ಕೇಳಿದ ಮಾತನ್ನು ನಮ್ಮ ಮನೆಯ ಪ್ರತಿ ಮದುವೆಯಲ್ಲೂ ಹೇಳಿ ನಗುತ್ತಾರೆ: “ಎರಡೂ ತೋರ್ಸೂದು ಒಂದ ವ್ಯಾಳ್ಯಾ ಹೌದಲ್ರೀ? ಮತ್ತ ಇದಕ್ಕ ಡಬಲ್ ರೊಕ್ಕ ಯಾಕ?” ಅದಕ್ಕೆ ನೀವು, “ಮೊಮ್ಮಕ್ಕಳ ಕಾಲಕ್ಕೂ ಹಿಂಗ ಇರ್ತೈತಿ, ನೋಡ್ತಿರು” ಎಂದಿರಂತೆ. ಬೆಲೆ ಅರಿಯದ ಹೆಂಗಸು ಎಂದು ವೀಣಜ್ಜಿಯನ್ನು ನಾವು ತಲೆತಲಾಂತರದಿಂದ ಆಡಿಕೊಂಡಿದ್ದೇವೆ. ನಿಮ್ಮ ಮಾತೇನೂ ಸುಳ್ಳಾಗಲಿಲ್ಲ. ಕಷ್ಟವಾಗಿರುವುದೇ ಅದರಿಂದ.

ಗಡಿಯಾರ ನಾಲ್ಕು ವರ್ಷ ಬದುಕಿತು. ಆಮೇಲೆ ಬ್ಯಾಟರಿ ಸೊರಗಿತು. ಅಂಟು ಹಾಕಿ ಮುಚ್ಚಿದ್ದನ್ನು ಬಿಚ್ಚಲಾಗದು, ಹೊಸದನ್ನೇ ಕೊಳ್ಳಿರಿ ಎಂದು ಅಂಗಡಿಯವರು ಕೈ ತೊಳೆದುಕೊಂಡರು. ನೀವು ಅದನ್ನು ಕಪಾಟಿನಲ್ಲಿಟ್ಟಿರಿ. ನಿಮ್ಮ ಮೊಮ್ಮಕ್ಕಳ ಮುಪ್ಪಿನ ಕಾಲಕ್ಕೆ ದೊಡ್ಡಮೌನ ಬಂತು. ಆಕಾಶದಿಂದ ಇಳಿದು ಬರುತ್ತಿದ್ದ ಸುದ್ದಿ, ಹಾಡು, ಲೆಕ್ಕ ಎಲ್ಲವೂ ಒಟ್ಟಿಗೆ ನಿಂತುಹೋದದ್ದನ್ನು ನಾವು ಹಾಗೆನ್ನುತ್ತೇವೆ; ಗಾಳಿವರ್ಷದ ಎಣಿಕೆ ಅಲ್ಲಿಂದ ಶುರು. ಅಷ್ಟು ಹೊತ್ತಿಗೆ ಎಲ್ಲರ ಗಡಿಯಾರಗಳೂ ಸತ್ತಿದ್ದವು. ಸಾಹುಕಾರರದು ತಡವಾಗಿ, ಬಡವರದು ಬೇಗ ಎಂಬ ಭೇದವೇನೂ ಇರಲಿಲ್ಲ. ಭೇದ ಕಂಡದ್ದು ಹೆಣದಲ್ಲಿ. ಪ್ಲಾಸ್ಟಿಕ್ಕಿನವು ಹಳದಿಗಟ್ಟಿ ಬಿರಿದವು, ಅಲ್ಯೂಮಿನಿಯಂನವು ನೆಗ್ಗಿದವು. ಟೈಟಾನಿಯಂನವು ಮಾತ್ರ ನಿನ್ನೆ ಅಂಗಡಿಯಿಂದ ತಂದಂತೆ ಉಳಿದವು.

ಗಡಿಯಾರ ನೋಡಿ ನಾವು ಮಾಡುವ ಕೆಲಸ ಒಂದೂ ಇಲ್ಲ. ಹೊತ್ತು ತಿಳಿಯಲು ಗಾಳಿಯಂತ್ರದ ಕಂಬದ ನೆರಳು ಸಾಕು. ನೆರಳು ಕೆರೆಯ ಏರಿಗೆ ತಾಗಿದಾಗ ರೊಟ್ಟಿ ಬಡಿಯಲು ಕೂರುತ್ತೇವೆ. ಅಂಗಳದ ಕಟ್ಟೆಗೆ ಬಂದಾಗ ಮಕ್ಕಳು ಶಾಲೆಯಿಂದ ಬರುತ್ತವೆ. ರೆಕ್ಕೆ ತಿರುಗಿದ ದಿನ ಮನೆಗೆ ದೀಪ, ಗಿರಣಿಗೆ ಹಿಟ್ಟು. ತಿರುಗದ ದಿನ ಕತ್ತಲು ಮತ್ತು ಹರಟೆ. ಇಷ್ಟು ಸರಳವಾಗಿ ಬದುಕುವ ಜನ ಸೊಕ್ಕಿಗೆ ಏನು ಮಾಡುತ್ತಾರೆಂದು ಕೇಳಿದರೆ, ಅದಕ್ಕೇ ನಿಮ್ಮ ಗಡಿಯಾರ ಇದೆ. ಅದು ನಮ್ಮ ದೇವರ ಜಗಲಿಯ ಪಕ್ಕದ ಗೂಡಿನಲ್ಲಿರುತ್ತದೆ. ಮದುವೆ ಮಾತಿಗೆ ಕೂತಾಗ ಎರಡೂ ಮನೆಯವರು ತಂತಮ್ಮ ಹಿರಿಯರ ಸತ್ತ ಗಡಿಯಾರವನ್ನು ತಟ್ಟೆಯಲ್ಲಿ ತಂದಿಡಬೇಕು. ಮನೆಯ ಹಿರಿಯಳು ಬೆಣಚುಕಲ್ಲಿನ ಚೂರಿನಿಂದ ಎದುರಿನವರ ಗಾಜನ್ನು ಒಮ್ಮೆ ಗೀರುತ್ತಾಳೆ. ಇದಕ್ಕೆ ಬೆಣಚು ಶಾಸ್ತ್ರವೆಂದು ಹೆಸರು. ನೀಲಮಣಿಯ ಗಾಜಿಗೆ ಬೆಣಚು ನಾಟುವುದಿಲ್ಲ. ಅವರು ಗೀರು ಬೀಳದ ಮನೆತನ. ಗುರುತು ಮೂಡಿದರೆ ಅವರು ಗೀರಿನ ಮನೆಯವರು. ಗೀರು ಬೀಳದವರು ಗೀರಿನವರಿಗೆ ಹೆಣ್ಣು ಕೊಡುವುದಿಲ್ಲ, ಅವರಿಂದ ತರುವುದೂ ಇಲ್ಲ. ಮೇಲೆ ಥಳಕು ಒಳಗೆ ಹುಳುಕು ಎಂಬ ಗಾದೆಯನ್ನು ನಾವು ಮರೆತಿಲ್ಲ, ಮಕ್ಕಳಿಗೆ ಶಾಲೆಯಲ್ಲಿ ಕಲಿಸುತ್ತೇವೆ.

ಕಳೆದ ಚೈತ್ರದಲ್ಲಿ ನನ್ನ ಮೊಮ್ಮಗ ಈರಣ್ಣ ಒಂದು ಹುಡುಗಿಯನ್ನು ಮೆಚ್ಚಿ ಮನೆಗೆ ಕರೆತಂದ. ಹೆಸರು ಹುಲಿಗೆವ್ವ. ಅವಳದು ರೆಕ್ಕೆ ಒರೆಸುವ ಕೆಲಸ. ಕಂಬದ ತುದಿಯಿಂದ ಹಗ್ಗದಲ್ಲಿ ಇಳಿದು, ಗಾಳಿಯಂತ್ರದ ರೆಕ್ಕೆಗೆ ಮೆತ್ತಿದ ಧೂಳು ತೆಗೆಯಬೇಕು; ತೆಗೆಯದಿದ್ದರೆ ಊರಿಗೆ ಅರ್ಧ ಬೆಳಕು. ಅವಳ ಮನೆಯವರು ತಟ್ಟೆಯಲ್ಲಿ ತಂದದ್ದು ಪ್ಲಾಸ್ಟಿಕ್ಕಿನ ಗಡಿಯಾರ. ಅವರ ಹಿರಿಯನೊಬ್ಬ ನಿಮ್ಮ ಕಾಲದಲ್ಲಿ ಗಾಡಿಯ ಮೇಲೆ ಮನೆಮನೆಗೆ ಊಟ ಮುಟ್ಟಿಸುತ್ತಿದ್ದನಂತೆ, ಅವನದು. ಅದರ ಗಾಜಿನ ಮೇಲೆ ಆಗಲೇ ಲೆಕ್ಕವಿಲ್ಲದಷ್ಟು ಗೀರುಗಳಿದ್ದವು. ಆದರೂ ನಾನು ಕಲ್ಲು ಎತ್ತಿ ನನ್ನದೊಂದು ಸೇರಿಸಿದೆ. ಹುಡುಗಿ ಅಳಲಿಲ್ಲ. ನಗುತ್ತಲೇ, “ಗೀರು ಬಿದ್ದೈತಿ ಅಂದ್ರ ಕಟಗೊಂಡವ್ರು ದುಡದಾರ ಅಂತ ಅರ್ಥ ರೀ ಅಮ್ಮಾ. ನಿಮ್ಮದಕ್ಕ ಒಂದೂ ಇಲ್ಲಲಾ, ನಿಮ್ಮ ಹಿರ್ಯಾರು ಏನ್ ಮಾಡ್ತಿದ್ರು?” ಎಂದಳು. ಅಜ್ಜ, ನೀವು ಏನು ಕೆಲಸ ಮಾಡುತ್ತಿದ್ದಿರೆಂದು ನಮ್ಮ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಯಾವ ಲೋಹ ಕೊಂಡಿರೆಂಬುದು ಮಾತ್ರ ನೆನಪಿದೆ. ಬಾಯಿ ಜೋರು ಎಂಬ ನೆವ ಹೇಳಿ ನಾನು ಸಂಬಂಧ ಮುರಿದೆ.

ಐದು ದಿನದ ಹಿಂದೆ ಹುಲಿಗೆವ್ವ ಹಗ್ಗ ಜಾರಿ ಬಿದ್ದಳು. ಜೀವಕ್ಕೆ ಅಪಾಯವಾಗಲಿಲ್ಲ, ಆದರೆ ಬಲಗೈಯ ಮುಂಗೈ ಎಲುಬು ನುಚ್ಚಾಗಿದೆ. ನಮ್ಮೂರ ಎಲುಬಿನ ವೈದ್ಯೆ ನಸೀಮಾಬಾನು ಇಂಥವನ್ನು ಕೂಡಿಸಬಲ್ಲರು, ಒಳಗೆ ಒಂದು ತೆಳುವಾದ ಪಟ್ಟಿ ಮತ್ತು ನಾಲ್ಕಾರು ತಿರುಪು ಕೂರಿಸಿದರೆ. ಆ ಪಟ್ಟಿ ಟೈಟಾನಿಯಂನದೇ ಆಗಬೇಕು. ಬೇರೆ ಲೋಹವನ್ನು ಮೈ ಇಷ್ಟು ಚೆನ್ನಾಗಿ ಒಪ್ಪುವುದಿಲ್ಲವಂತೆ. ಹೊಸ ಟೈಟಾನಿಯಂ ತೆಗೆಯುವಷ್ಟು ಬೆಂಕಿ ಈಗ ಯಾರ ಹತ್ತಿರವೂ ಇಲ್ಲ. ಇರುವುದೆಲ್ಲ ನಿಮ್ಮ ಕಾಲದ್ದು, ನಮ್ಮಂಥವರ ಗೂಡುಗಳಲ್ಲಿ. ಪಟ್ಟಿ ಹಾಕದೆ ವಾರ ಕಳೆದರೆ ಎಲುಬು ತನಗೆ ತೋಚಿದಂತೆ ಕೂಡಿಕೊಳ್ಳುತ್ತದೆ, ಮತ್ತೆ ಆ ಕೈ ಮುಷ್ಟಿ ಕಟ್ಟಲಾರದು, ಹಗ್ಗ ಹಿಡಿಯಲಾರದು.

ನಸೀಮಾಬಾನು ಗೀರು ಬೀಳದ ಮನೆಗಳಿಗೆಲ್ಲ ಹೋದರು. ಒಬ್ಬರು ಅಂದೇ ನೆಂಟರ ಊರಿಗೆ ಹೊರಟರು. ಒಬ್ಬರ ಗಡಿಯಾರ ಅಂದೇ ಕಳೆದುಹೋಯಿತು. ಇನ್ನೊಬ್ಬರು, ಗೀರಿನವರ ಮೈಯೊಳಗೆ ನಮ್ಮ ಲೋಹ ಸೇರುವುದೇ ಎಂದು ಬಾಯಿಬಿಟ್ಟೇ ಕೇಳಿದರು. ಕೊನೆಗೆ ನಮ್ಮ ಮನೆಗೆ ಬಂದರು. ನಮ್ಮದು ಗೂಡಿನಲ್ಲಿ ಫಳಫಳ ಹೊಳೆಯುತ್ತಿತ್ತು, ಏಕೆಂದರೆ ಆ ಬೆಳಿಗ್ಗೆ ನಾನೇ ಒರೆಸಿ ಇಟ್ಟಿದ್ದೆ. ಕಳೆದುಹೋಗಿದೆ ಎನ್ನುವ ಹಾಗಿರಲಿಲ್ಲ. ಹೊಸ್ತಿಲಲ್ಲೇ ನಿಂತು ಅವರೆಂದರು, “ಸಂಗವ್ವಾರ, ಈ ಗಡ್ಯಾಳ ಸತ್ತು ನೂರಾ ಎಂಬತ್ತು ವರ್ಷದ ಮ್ಯಾಲಾತು. ಹುಡುಗಿ ಇನ್ನೂ ಜೀವಂತ ಅದಾಳ.” ನಾನು ಹೇಳಿದೆ, “ಹಿರ್ಯಾರನ್ನ ಕೇಳಿ ಹೇಳತೇನ್ರಿ.” ಅವರು, “ಕೇಳ್ರಿ. ಆದ್ರ ಲಗೂನ ಕೇಳ್ರಿ. ಎಲುಬು ನಿಮ್ಮ ಹಿರ್ಯಾರ ದಾರಿ ಕಾಯೂದಿಲ್ಲ” ಎಂದು ಹೊರಟುಹೋದರು.

ಈರಣ್ಣ ನನ್ನ ಹಿಂದೆಯೇ ನಿಂತಿದ್ದ. ಅವನು ಬೇಡಲಿಲ್ಲ, ಕೂಗಾಡಲಿಲ್ಲ. ಗಡಿಯಾರದ ಕಡೆಗೂ ನೋಡಲಿಲ್ಲ. ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ಹೋದವನು ಮನೆಗೆ ಬಂದಿಲ್ಲ. ಕೂಗಾಡಿದ್ದರೆ ನನಗೆ ತಿರುಗಿ ಕೂಗಾಡಲು ಬರುತ್ತಿತ್ತು.

ಹೀಗೆ ಈ ಓಲೆ ಬರೆಯಲು ಕೂತೆ. ನಾಚಿಕೆಯಾಗುತ್ತಿದೆ ಅಜ್ಜ. ಒಂದು ಹುಡುಗಿಯ ಎಲುಬು ಅಲ್ಲಿ ವಕ್ರವಾಗಿ ಕೂಡುತ್ತಿರುವಾಗ ನಾನಿಲ್ಲಿ ದಪ್ಪ ಅಕ್ಷರದಲ್ಲಿ ನಿಮ್ಮ ಅನುಮತಿ ಕೇಳುತ್ತಿದ್ದೇನೆ. ಅದೂ ಉತ್ತರ ಬರುವುದಿಲ್ಲವೆಂಬ ಧೈರ್ಯದ ಮೇಲೆ. ಬರೆಯುತ್ತ ಬರೆಯುತ್ತ ಇನ್ನೂ ಒಂದು ಯೋಚನೆ ಬಂತು: ಕವಚ ಕೊಟ್ಟು, ಗಾಜನ್ನು ಹಿಂದಕ್ಕೆ ಕೇಳಿಕೊಂಡರೆ ಹೇಗೆ? ಗಾಜು ಇದ್ದರೆ ಬೆಣಚು ಶಾಸ್ತ್ರಕ್ಕೆ ಅಡ್ಡಿಯಿಲ್ಲ, ಮನೆತನ ಉಳಿಯುತ್ತದೆ. ಈ ಯೋಚನೆ ನನ್ನದೇ, ಬೇರೆ ಯಾರೂ ಕಿವಿಯಲ್ಲಿ ಊದಿದ್ದಲ್ಲ. ಎಪ್ಪತ್ತಾರು ವರ್ಷ ಉಂಡು ತಿಂದು ಬೆಳೆದ ಬುದ್ಧಿ ಇಷ್ಟೇ.

ಆಗ ಸಿಟ್ಟು ನಿಮ್ಮ ಮೇಲೆ ತಿರುಗಿತು. ಕೊಳ್ಳಬೇಡಿ ಎಂದು ಬರೆಯಬೇಕೆನಿಸಿತು. ಕೈಗೆ ಕಟ್ಟುವ ವಸ್ತು ಕಟ್ಟಿದವನಿಗಿಂತ ನೂರು ಪಟ್ಟು ಬಾಳಿ ಏನಾಗಬೇಕಿದೆ? ಅದರೊಳಗಿನ ಜೀವ ನಾಲ್ಕು ವರ್ಷದ್ದಾದರೆ, ಹೊರಗಿನ ಕವಚಕ್ಕೆ ಐದನೆಯ ವರ್ಷವೇ ಬೇಡ. ಗಾಜಿಗೆ ಗೀರು ಬೀಳಲಿ ಬಿಡಿ, ಕೈ ಕೆಲಸ ಮಾಡಲಿ. ಸಾದಾ ಗಡಿಯಾರ ಕೊಂಡು, ಉಳಿದ ದುಡ್ಡಿನಲ್ಲಿ ವೀಣಜ್ಜಿಯನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಿ ಬನ್ನಿ. ಆಗ ನಿಮ್ಮ ಮೊಮ್ಮಕ್ಕಳಿಗೆ ಹೇಳಿಕೊಳ್ಳಲು ಒಂದು ಒಳ್ಳೆಯ ಪ್ರವಾಸದ ನೆನಪಾದರೂ ಇರುತ್ತದೆ, ಮತ್ತು ನನ್ನ ಕೈಗೆ ಬೆಣಚುಕಲ್ಲು ಬರುವುದಿಲ್ಲ. ಇದನ್ನೆಲ್ಲ ಬರೆದು ಮುಗಿಸಿದಾಗ ಮನಸ್ಸು ಹಗುರಾಯಿತು. ತಪ್ಪು ನಿಮ್ಮದೆಂದಾಯಿತಲ್ಲ.

ಆಮೇಲೆ ಹೆದರಿಕೆ ಶುರುವಾಯಿತು. ಈ ಓಲೆ ನಿಜವಾಗಿಯೂ ನಿಮ್ಮನ್ನು ಮುಟ್ಟಿದರೆ? ನೀವು ನನ್ನ ಮಾತು ಕೇಳಿದರೆ? ನಾಳೆ ಅಂಗಡಿಗೆ ಹೋಗಿ, ಬುದ್ಧಿವಂತರಾಗಿ, ಅಲ್ಯೂಮಿನಿಯಂನದನ್ನು ಕಟ್ಟಿಸಿಕೊಂಡು ಬಂದರೆ? ನಾನು ತಲೆಯೆತ್ತಿ ಗೂಡಿನ ಕಡೆ ನೋಡಿದೆ. ಗಡಿಯಾರ ಅಲ್ಲೇ ಇತ್ತು. ಎದ್ದು ಹೋಗಿ ಮುಟ್ಟಿ ನೋಡಿದೆ. ಇಷ್ಟು ವರ್ಷ ಅದನ್ನು ಪೂಜೆಗೆಂದು ಮುಟ್ಟಿದ್ದೆ. ಮೊದಲ ಸಲ ಅದು ಬೇಕೆಂದು ಮುಟ್ಟಿದೆ. ಅಂಗೈಯಲ್ಲಿಟ್ಟುಕೊಂಡರೆ ಒಂದು ಮುಂಗೈಗೆ ಸಾಕಾಗುವಷ್ಟೇ ಲೋಹ.

ಈಗ ನಿಶ್ಚಯ ಮಾಡಿದ್ದೇನೆ. ಈ ಓಲೆಯನ್ನು ಕಂಬಕ್ಕೆ ಕಟ್ಟುವ ಮೊದಲೇ ಗಡಿಯಾರವನ್ನು ಗಾಜಿನ ಸಮೇತ ನಸೀಮಾಬಾನು ಅವರ ಕೈಗಿಟ್ಟು ಬರುತ್ತೇನೆ. ಗಾಳಿ ಒಯ್ದರೂ ಸರಿ, ಬಿಟ್ಟರೂ ಸರಿ. ಗಡಿಯಾರ ಕೊಟ್ಟೆನೆಂದು ಹುಲಿಗೆವ್ವ ನಮ್ಮ ಮನೆಗೆ ಸೊಸೆಯಾಗಿ ಬರಬೇಕಿಲ್ಲ, ನನ್ನ ಮುಖ ನೋಡಬೇಕಾಗಿಯೂ ಇಲ್ಲ. ಕೈ ಮುಷ್ಟಿ ಕಟ್ಟಿದರೆ ಸಾಕು, ಆ ಮುಷ್ಟಿಯನ್ನು ನನಗೇ ತೋರಿಸಿದರೂ ಸಾಕು. ಈರಣ್ಣನಿಗೆ ನಾನು ಏನು ಹೇಳಬೇಕೋ ಗೊತ್ತಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಸಿಕ್ಕರೆ ತಲೆ ತಗ್ಗಿಸಿ ನಿಲ್ಲುತ್ತೇನೆ.

ನಿಮ್ಮಲ್ಲಿ ಒಂದೇ ಬೇಡಿಕೆ, ಅಜ್ಜ. ಮೇಲೆ ಬೈದದ್ದನ್ನು ಹೊಡೆದುಹಾಕುವುದಿಲ್ಲ, ಅದೆಲ್ಲ ನಿಜವೇ. ನೀವು ಕೊಳ್ಳುವುದು ಶೋಕಿಗೆ, ನಾಲ್ಕು ಜನರ ಕಣ್ಣಿಗೆ. ಅದರಿಂದ ನಿಮಗಾಗುವ ಲಾಭವೇನೂ ಇಲ್ಲ, ನಮಗಂತೂ ಅದು ನೂರು ವರ್ಷದ ಸೊಕ್ಕಾಯಿತು. ಆದರೆ ನಿಮ್ಮ ಆ ಶೋಕಿಯ ಹೊರತು ಈ ಊರಿನಲ್ಲಿ ಇಂದು ಒಂದು ಕೈಗೆ ಬೇರೆ ದಿಕ್ಕಿಲ್ಲ. ಇದನ್ನು ನಿಮ್ಮ ಮುಂದೆ ಹೇಳಿ ಬೇಡುವುದೇ ನನಗೆ ಎಲ್ಲಕ್ಕಿಂತ ದೊಡ್ಡ ನಾಚಿಕೆ. ನಾಳೆ ಮೂರನೆಯ ಸಲ ಅಂಗಡಿಗೆ ಹೋಗಿ. ಅವರು ಎರಡನ್ನೂ ಮುಂದಿಡುತ್ತಾರೆ. ವೀಣಜ್ಜಿ ಪಕ್ಕದಲ್ಲಿ ನಿಂತು ಅದೇ ಮಾತು ಕೇಳುತ್ತಾರೆ. ಅವರು ಹೇಳುವುದೇ ಸರಿ ಅಜ್ಜ, ಪೂರ್ತಿ ಸರಿ. ಇದೊಂದು ಸಲ ಅವರ ಮಾತು ಕೇಳಬೇಡಿ.

ಗಂಟನ್ನು ಸಡಿಲವಾಗಿಯೇ ಹಾಕುತ್ತೇನೆ.

ಸಂಗವ್ವ